ಕಣ್ಣಿನ ವಿಭಾಗದ ಸಿಸ್ಟರ್ ಅಷ್ಟೊಂದು ಪ್ರಶ್ನೆ ಕೇಳುವುದೇಕೆ?

ಕಣ್ಣಿನ ಓಪಿಡಿಗೆ ಬರುವ ರೋಗಿಗಳಿಂದಲೂ ಅವರ ಜೊತೆಗಾರರಿಂದಲೂ ನಾವು ದಿನವೂ ಕೇಳುವ ದೂರು ಒಂದಿದೆ. "ಚೀಟಿ ಮಾಡಿಸುವಲ್ಲಿ ಕೇಳಿದರು, ಅಕ್ಷರ ಓದಿಸುವಲ್ಲಿ ಕೇಳಿದರು, ಈಗ ನೀವೂ ಅದನ್ನೇ ಕೇಳುತ್ತೀರಲ್ಲ ಸಿಸ್ಟರ್, ಡಾಕ್ಟರ್ ನೋಡುವುದು ಯಾವಾಗ?" ಒಂದು ದಿನದ ಕೂಲಿ ಬಿಟ್ಟು ಬೆಳಿಗ್ಗೆಯಿಂದ ಬೆಂಚಿನ ಮೇಲೆ ಕುಳಿತವರು ಹೀಗೆ ಕೇಳುವುದರಲ್ಲಿ ತಪ್ಪಿಲ್ಲ. ಆದರೆ ಆ ಪ್ರಶ್ನೆಗಳಿಗೆ ತಾವು ಕೊಡುವ ಉತ್ತರದ ಮೇಲೆಯೇ ತಮ್ಮ ಸರದಿ, ತಮಗೆ ಮಾಡುವ ಪರೀಕ್ಷೆ, ಕೆಲವೊಮ್ಮೆ ದೃಷ್ಟಿಯೇ ನಿಂತಿರುತ್ತದೆ. ಆದಕಾರಣ ಯಾವ ಪ್ರಶ್ನೆ ಏತಕ್ಕೆ ಎಂಬುದನ್ನು ಇಲ್ಲಿ ಬಿಡಿಸಿ ಹೇಳುತ್ತಿದ್ದೇವೆ.

ಕಣ್ಣಿನ ವಿಭಾಗದ ದಾದಿ ಬೆಳಿಗ್ಗೆ ಬಂದೊಡನೆ ಮಾಡುವ ಮೊದಲ ಕೆಲಸ ಸಾಲನ್ನು ನೋಡುವುದು. ಸಾಲಿನಲ್ಲಿ ಕನ್ನಡಕದ ನಂಬರಿಗೆ ಬಂದವರಿರುತ್ತಾರೆ, ಪೊರೆ ಬಂದ ಹಿರಿಯರಿರುತ್ತಾರೆ, ದಿನವಿಡೀ ಕಂಪ್ಯೂಟರ್ ನೋಡಿ ಕಣ್ಣು ಉರಿಯುತ್ತದೆ ಎನ್ನುವ ಯುವಕರಿರುತ್ತಾರೆ. ಇವರ ನಡುವೆ ಕರವಸ್ತ್ರ ಒತ್ತಿಕೊಂಡು ತಲೆ ತಗ್ಗಿಸಿ ಕುಳಿತ ಕಾರ್ಮಿಕರೊಬ್ಬರು ಇರಬಹುದು. ಅವರ ಟೋಕನ್ ಕೊನೆಯದಾಗಿದ್ದರೂ ಅವರೇ ಮೊದಲು ಒಳಗೆ ಹೋಗಬೇಕಾಗುತ್ತದೆ. ಕಣ್ಣಿಗೆ ರಾಸಾಯನಿಕ ಬಿದ್ದವರು, ಪೆಟ್ಟು ಬಿದ್ದವರು, ಇದ್ದಕ್ಕಿದ್ದಂತೆ ದೃಷ್ಟಿ ಹೋದವರು, ಮಿಂಚು ಹೊಡೆದಂತಾಗಿ ಪರದೆ ಇಳಿದಂತೆ ಕಾಣುವವರು, ಕಣ್ಣುನೋವಿನ ಜೊತೆಗೆ ವಾಂತಿಯಾಗುತ್ತಿರುವವರು, ಇತ್ತೀಚೆಗೆ ಆಪರೇಷನ್ ಆದ ಕಣ್ಣು ಕೆಂಪಾಗಿ ನೋಯುತ್ತಿರುವವರು ಸಾಲಿನಲ್ಲಿ ಕಾಯಕೂಡದು. ಹಾಗೆ ಯಾರನ್ನಾದರೂ ಮುಂದೆ ಕಳಿಸಿದಾಗ ದಯವಿಟ್ಟು ಜಗಳ ಮಾಡಬೇಡಿ. ತಮಗೇ ಇಂಥ ತೊಂದರೆ ಇದ್ದರೆ ಸಂಕೋಚಪಡದೆ ಎದ್ದು ಬಂದು ಹೇಳಿ.

ಏನು ಮಾಡುತ್ತಿದ್ದಾಗ ಆಯಿತು?

ಪೀಣ್ಯದಂಥ ಕೈಗಾರಿಕಾ ಪ್ರದೇಶದವರಿಗೆ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಇದು. ಇದಕ್ಕೆ ಸಾಮಾನ್ಯವಾಗಿ ಸಿಗುವ ಉತ್ತರ "ಏನೋ ಧೂಳು ಬಿತ್ತು" ಎಂಬುದು. ಕೆಲವರು ನಿಜವಾಗಿಯೂ ಗಮನಿಸಿರುವುದಿಲ್ಲ. ಇನ್ನು ಕೆಲವರಿಗೆ, ಕಾರ್ಖಾನೆಯಲ್ಲಿ ಆಯಿತೆಂದು ಹೇಳಿದರೆ ಕೆಲಸಕ್ಕೆ ಸಂಚಕಾರ ಬಂದೀತು ಎಂಬ ಭಯ. "ಮನೆಯಲ್ಲಿ ಆಯಿತು ಅನ್ನು" ಎಂದು ಮೇಸ್ತ್ರಿಯೇ ಹೇಳಿ ಕಳಿಸಿರುವುದೂ ಉಂಟು.

ನಮಗೆ ಬೇಕಾಗಿರುವುದು ಯಾರ ತಪ್ಪು ಎಂಬುದಲ್ಲ. ಗ್ರೈಂಡಿಂಗ್ ಮಾಡುವಾಗ ಸಿಡಿದ ಕಿಡಿ ಸಾಮಾನ್ಯವಾಗಿ ಕಪ್ಪುಗುಡ್ಡೆಯ ಮೇಲಿನ ಪಾರದರ್ಶಕ ಪದರವಾದ ಕಾರ್ನಿಯಾದ ಮೇಲೆ ಅಂಟಿಕೊಳ್ಳುತ್ತದೆ. ಚುಚ್ಚುತ್ತದೆ, ನೀರು ಸುರಿಯುತ್ತದೆ, ಕಣ್ಣು ಬಿಡಲಾಗುವುದಿಲ್ಲ. ಡಾಕ್ಟರು ನೋವು ತಿಳಿಯದಂತೆ ಹನಿ ಹಾಕಿ ಸ್ಲಿಟ್ ಲ್ಯಾಂಪಿನಲ್ಲಿ ನೋಡಿಕೊಂಡು ಅದನ್ನು ತೆಗೆಯುತ್ತಾರೆ. ಆದರೆ ಸುತ್ತಿಗೆಯಿಂದ ಉಳಿಗೆ ಹೊಡೆಯುವಾಗ, ಕಬ್ಬಿಣದ ಮೇಲೆ ಕಬ್ಬಿಣ ಬಡಿಯುವಾಗ ಹಾರುವ ಚೂರಿನ ಗುಣವೇ ಬೇರೆ. ಅದು ಕಣ್ಣನ್ನು ತೂರಿ ಒಳಗೆ ಹೋಗಿ ಕುಳಿತುಬಿಡಬಹುದು. ಹೊರಗೆ ಸೂಜಿಮೊನೆಯಷ್ಟು ಗಾಯ, ನೋವೂ ಅಷ್ಟಕ್ಕಷ್ಟೆ. "ಸುತ್ತಿಗೆ" ಎಂಬ ಒಂದು ಮಾತು ತಮ್ಮ ಬಾಯಿಂದ ಬಂದರೆ ಎಕ್ಸ್‌ರೇ ಅಥವಾ ಸಿ.ಟಿ. ಆಗುತ್ತದೆ. ಬಾರದಿದ್ದರೆ ಧೂಳಿಗೆ ಕೊಡುವ ಹನಿ ಬರೆದು ಮನೆಗೆ ಕಳಿಸುವ ಸಂಭವವಿದೆ. ಒಳಗೆ ಉಳಿದ ಕಬ್ಬಿಣ ದಿನಕಳೆದಂತೆ ಕಣ್ಣಿನ ನರಪದರವನ್ನು ಹಾಳುಮಾಡುತ್ತದೆ.

ಒಮ್ಮೆ ಎಂಜಿನಿಯರಿಂಗ್ ಶಾಪಿನ ಹುಡುಗನೊಬ್ಬ ಕಸ ಬಿತ್ತೆಂದೇ ಮೂರು ಸಲ ಹೇಳಿದ. ಜೊತೆಗೆ ಬಂದಿದ್ದ ರೂಂಮೇಟ್ ಸುಮ್ಮನಿದ್ದ. ಅಕ್ಷರದ ಬೋರ್ಡಿನಲ್ಲಿ ಒಂದು ಕಣ್ಣಿಗೆ ಕೊನೆಯ ಸಾಲು ಕಂಡಿತು, ಇನ್ನೊಂದಕ್ಕೆ ಮೇಲಿನ ದೊಡ್ಡ ಅಕ್ಷರವಷ್ಟೇ. ಬರಿಯ ಕಸಕ್ಕೆ ಹೀಗಾಗುವುದಿಲ್ಲವಲ್ಲ ಎಂದು ಪಕ್ಕಕ್ಕೆ ಕರೆದು ಕೇಳಿದಾಗ ರೂಂಮೇಟ್ "ಬೇರಿಂಗ್ ಬಡಿಯುತ್ತಿದ್ದ ಅಕ್ಕ" ಎಂದ. ಎಕ್ಸ್‌ರೇಯಲ್ಲಿ ಚೂರು ಕಂಡಿತು, ಅಂದೇ ದೊಡ್ಡ ಕಣ್ಣಾಸ್ಪತ್ರೆಗೆ ಕಳಿಸಿದೆವು. ಜೊತೆಗೆ ಬರುವವರು ಬಾಯಿಬಿಡುವುದು ಎಷ್ಟು ಅಗತ್ಯ ಎಂಬುದಕ್ಕೆ ಇದನ್ನು ಹೇಳಿದೆ. ಒಡಿಶಾ, ಬಿಹಾರ, ಬಂಗಾಳದಿಂದ ಬಂದ ಕಾರ್ಮಿಕರ ಜೊತೆಗೆ ಅವರ ಭಾಷೆ ಬಲ್ಲವರೊಬ್ಬರು, ಘಟನೆ ಕಂಡವರೇ ಆದರೆ ಇನ್ನೂ ಮೇಲು, ಬರಬೇಕು.

ಇಂಥ ಪೆಟ್ಟು ಬಿದ್ದಾಗ ಕಣ್ಣನ್ನು ಉಜ್ಜಬೇಡಿ, ಒತ್ತಬೇಡಿ, ಯಾವ ಹನಿಯನ್ನೂ ಹಾಕಬೇಡಿ. ಕಣ್ಣಿಗೆ ತಾಗದಂತೆ ಒಂದು ಪೇಪರ್ ಲೋಟವನ್ನು ಮೇಲೆ ಮುಚ್ಚಿ, ಅಂಚನ್ನು ಮೂಳೆಯ ಮೇಲೆ ಟೇಪಿನಿಂದ ಅಂಟಿಸಿ ಕರೆತನ್ನಿ. ಚಾಮರಾಜಪೇಟೆಯಲ್ಲಿ 1896ರಿಂದ ಬಂದ ಸರ್ಕಾರಿ ಮಿಂಟೊ ಕಣ್ಣಾಸ್ಪತ್ರೆ ಇದೆ. ಇ.ಎಸ್.ಐ. ಕಾರ್ಡ್ ಇರುವವರಿಗೆ ರಾಜಾಜಿನಗರದ ಇ.ಎಸ್.ಐ. ಆಸ್ಪತ್ರೆ ಇದೆ. ಕಾರ್ಡ್ ಇರುವವರು ಇನ್ನೊಂದು ಮಾತು ಗಮನಿಸಬೇಕು. ಕೇಸ್ ಶೀಟಿನಲ್ಲಿ "ಮನೆಯಲ್ಲಿ ಆಯಿತು" ಎಂದು ಬರೆಸಿದರೆ, ಮುಂದೆ ದೃಷ್ಟಿ ನಷ್ಟಕ್ಕೆ ಪರಿಹಾರ ಕೇಳುವಾಗ ಆ ಒಂದು ಸಾಲೇ ಅಡ್ಡ ಬರುತ್ತದೆ. ಕಾರ್ಖಾನೆಯ ಅಪಘಾತ ಪುಸ್ತಕದಲ್ಲಿಯೂ ಬರೆಸಿಕೊಳ್ಳಿ. ಕಣ್ಣಿನ ರಕ್ಷಣೆಗೆಂದೇ 1948ರ ಕಾರ್ಖಾನೆಗಳ ಕಾಯ್ದೆಯಲ್ಲಿ 35ನೇ ಸೆಕ್ಷನ್ ಇತ್ತು. ಸುರಕ್ಷಾ ಕನ್ನಡಕ ಕೇಳುವುದು ಇಂದು ನಿನ್ನೆಯ ಮಾತಲ್ಲ. ನಂಬರಿನ ಕನ್ನಡಕ ಅದರ ಬದಲಿಗೆ ಆಗುವುದಿಲ್ಲ, ಪಕ್ಕದಿಂದ ಕಿಡಿ ಬರುತ್ತದೆ.

ನೀರು ಹಾಕಿದಿರಾ? ಎಷ್ಟು ಹೊತ್ತು?

ರಾಸಾಯನಿಕ ಬಿದ್ದಿದ್ದರೆ ಮಾತ್ರ ನಾವು ಚೀಟಿಯನ್ನೂ ಕೇಳುವುದಿಲ್ಲ, ಅಕ್ಷರವನ್ನೂ ಓದಿಸುವುದಿಲ್ಲ. ಮೊದಲು ನೀರು, ಮಾತು ಆಮೇಲೆ. ಎಲೆಕ್ಟ್ರೋಪ್ಲೇಟಿಂಗ್ ಘಟಕದ ಆಸಿಡ್ಡಿಗೆ ಎಲ್ಲರೂ ಹೆದರುತ್ತಾರೆ. ಆದರೆ ಕಾಸ್ಟಿಕ್ ಸೋಡಾ, ಸುಣ್ಣ, ಸಿಮೆಂಟ್ ಇವುಗಳಿಗೆ ಹೆಚ್ಚು ಹೆದರಬೇಕು. ಆಸಿಡ್ ಸಾಮಾನ್ಯವಾಗಿ ಮೇಲ್ಪದರವನ್ನು ಸುಟ್ಟು ಅಲ್ಲಿಗೇ ತಡೆಯುತ್ತದೆ, ಕ್ಷಾರವಾದರೋ ಕರಗಿಸುತ್ತಾ ಒಳಗೆ ಇಳಿಯುತ್ತದೆ. ಬಿದ್ದ ಸ್ಥಳದಲ್ಲಿಯೇ, ಆ ಕ್ಷಣದಲ್ಲಿಯೇ, ನಲ್ಲಿ ನೀರಾಗಲಿ ಕ್ಯಾನಿನ ನೀರಾಗಲಿ, ರೆಪ್ಪೆಯನ್ನು ಬೆರಳಿನಿಂದ ಬಿಡಿಸಿ ಹಿಡಿದು ಕನಿಷ್ಠ 15ರಿಂದ 30 ನಿಮಿಷ ಸುರಿಯಬೇಕು. ಆಟೋ ಹುಡುಕುತ್ತಾ ಕಳೆಯುವ ಹತ್ತು ನಿಮಿಷದಲ್ಲಿ ಆಗುವ ಹಾನಿಯನ್ನು ಆಸ್ಪತ್ರೆಯಲ್ಲಿ ಸರಿಪಡಿಸಲಾಗುವುದಿಲ್ಲ. ಇಲ್ಲಿ ನಾವು ಸಲೈನ್ ಬಾಟಲಿ ಹಚ್ಚಿ ತೊಳೆಯುತ್ತೇವೆ, ಬಣ್ಣ ಬದಲಾಗುವ ಕಾಗದದ ಪಟ್ಟಿಯನ್ನು ರೆಪ್ಪೆಯೊಳಗೆ ತಾಗಿಸಿ ನೋಡುತ್ತೇವೆ, ಅದು 7ರ ಸುಮಾರಿಗೆ ಬರುವ ತನಕ ಬಿಡುವುದಿಲ್ಲ.

ತಾಯಂದಿರಿಗೆ ವಿಶೇಷವಾಗಿ ಒಂದು ಮಾತು. ಎಲೆಅಡಿಕೆಯ ಜೊತೆಗೆ ತರುವ ಸುಣ್ಣದ ಪ್ಲಾಸ್ಟಿಕ್ ಪೊಟ್ಟಣವನ್ನು ಮಕ್ಕಳ ಕೈಗೆ ಸಿಗುವಂತೆ ಇಡಬೇಡಿ. ಮಗು ಹಿಚುಕಿದಾಗ ಅದು ಒಡೆದು ನೇರ ಕಣ್ಣಿಗೆ ಚಿಮ್ಮುತ್ತದೆ. ಸುಣ್ಣದ ಹರಳು ಮೇಲಿನ ರೆಪ್ಪೆಯ ಮಡಿಕೆಯಲ್ಲಿ ಸೇರಿಕೊಂಡಿದ್ದರೆ ಎಷ್ಟು ತೊಳೆದರೂ ಸುಡುತ್ತಲೇ ಇರುತ್ತದೆ. ಆದ್ದರಿಂದ ಮಗು ಅತ್ತರೂ ರೆಪ್ಪೆ ಮಗುಚಿ ನೋಡಿಯೇ ತೆಗೆಯುತ್ತೇವೆ. ಆಗ ಮಗುವನ್ನು ನಮ್ಮಿಂದ ಕಸಿದುಕೊಳ್ಳಬೇಡಿ.

ಇಲ್ಲಿಗೆ ಬರುವ ಮೊದಲು ಏನು ಹಾಕಿದಿರಿ?

ವೆಲ್ಡಿಂಗ್ ಬೆಳಕನ್ನು ಬರಿಗಣ್ಣಿನಿಂದ ನೋಡಿದವರಿಗೆ ಆಗ ಏನೂ ಅನಿಸುವುದಿಲ್ಲ. ಆರೇಳು ಗಂಟೆ ಕಳೆದು, ನಡುರಾತ್ರಿಯಲ್ಲಿ, ಕಣ್ಣಿಗೆ ಮರಳು ಸುರಿದಂತೆ ಉರಿ ಏಳುತ್ತದೆ. ಆಗ ಹರಳೆಣ್ಣೆ, ಎದೆಹಾಲು, ಪಕ್ಕದ ಮನೆಯ ಹಳೆಯ ಹನಿ ಬಾಟಲಿ ಎಲ್ಲ ಹೊರಬರುತ್ತವೆ. ನಾವು ಬಯ್ಯುತ್ತೇವೆಂದು ಅದನ್ನು ಮುಚ್ಚಿಡುತ್ತಾರೆ. ಮುಚ್ಚಿಡಬೇಡಿ, ಬಾಟಲಿಯನ್ನೇ ಕೈಯಲ್ಲಿ ತನ್ನಿ. ಮರಗಟ್ಟಿಸುವ ಹನಿ ನೋವು ನಿಲ್ಲಿಸುತ್ತದೆ, ಗಾಯ ಮಾಯಲು ಬಿಡುವುದಿಲ್ಲ. ಸ್ಟೆರಾಯ್ಡ್ ಹನಿ ಕೆಂಪನ್ನು ಒಂದೇ ದಿನದಲ್ಲಿ ಇಳಿಸುತ್ತದೆ, ಒಳಗೆ ಬೂಷ್ಟಿನ ಹುಣ್ಣು ಇದ್ದರೆ ಅದನ್ನು ಬೆಳೆಸುತ್ತದೆ. ಬೆಂಕಿಕಡ್ಡಿಗೆ ಹತ್ತಿ ಸುತ್ತಿ ಕಿಡಿ ತೆಗೆಯುವ ಜಾಣರು ಶಾಪಿಗೊಬ್ಬರು ಇದ್ದೇ ಇರುತ್ತಾರೆ. ಕಾರ್ನಿಯಾದ ದಪ್ಪ ಸುಮಾರು ಅರ್ಧ ಮಿಲಿಮೀಟರ್ ಅಷ್ಟೆ ಎಂಬುದನ್ನು ಅವರಿಗೆ ತಿಳಿಸಿ.

ಹುಣ್ಣು ಮಾಯ್ದರೂ ಬಿಳಿಯ ಕಲೆ ಉಳಿಯುತ್ತದೆ. ಕಲೆ ನಡುಮಧ್ಯದಲ್ಲಿ ದಟ್ಟವಾಗಿದ್ದರೆ ದಾನಿಯ ಕಾರ್ನಿಯಾ ಬೇಕು. ಡಾ. ರಾಜ್‌ಕುಮಾರ್ ಅವರು 2006ರಲ್ಲಿ, ಪುನೀತ್ ರಾಜ್‌ಕುಮಾರ್ ಅವರು 2021ರಲ್ಲಿ ತೀರಿಕೊಂಡಾಗ ಕಣ್ಣು ದಾನವಾದದ್ದು ಎಲ್ಲರಿಗೂ ತಿಳಿದಿದೆ; ಪುನೀತ್ ಅವರ ಕಣ್ಣುಗಳು ನಾಲ್ವರಿಗೆ ದೃಷ್ಟಿ ಕೊಟ್ಟವು. ಆದರೂ ಕಾರ್ನಿಯಾಕ್ಕಾಗಿ ಕಾಯುವವರ ಸಾಲು ನಮ್ಮ ಓಪಿಡಿಯ ಸಾಲಿಗಿಂತ ಬಹಳ ಉದ್ದ.

ಪೊರೆ ಆಪರೇಷನ್ನಿಗೆ ಬಂದವರಿಗೆ

"ಯಾವ ಕಣ್ಣು?" ಎಂದು ವಾರ್ಡಿನಲ್ಲಿ, ಗುರುತು ಹಚ್ಚುವಾಗ, ಥಿಯೇಟರ್ ಬಾಗಿಲಲ್ಲಿ, ಟೇಬಲ್ಲಿನ ಮೇಲೆ ಹೀಗೆ ಮತ್ತೆ ಮತ್ತೆ ಕೇಳುತ್ತೇವೆ. ಗೊತ್ತಿಲ್ಲದೆ ಕೇಳುವುದಲ್ಲ, ತಪ್ಪು ಕಣ್ಣು ಆಗಬಾರದೆಂದು ಕೇಳುವುದು. ತಲೆಯಾಡಿಸಬೇಡಿ, ಬಾಯಿಬಿಟ್ಟು ಹೇಳಿ. "ಮೂತ್ರದ ತೊಂದರೆಗೆ ಮಾತ್ರೆ ನುಂಗುತ್ತೀರಾ?" ಎಂದರೆ ಯಜಮಾನರಿಗೆ ಸಿಟ್ಟು ಬರುತ್ತದೆ, ಕಣ್ಣಿಗೂ ಅದಕ್ಕೂ ಏನು ಸಂಬಂಧ ಎಂದು. ಪ್ರಾಸ್ಟೇಟ್ ತೊಂದರೆಗೆ ಕೊಡುವ ಟ್ಯಾಮ್‌ಸುಲೋಸಿನ್ ಎಂಬ ಮಾತ್ರೆಯಿಂದ ಆಪರೇಷನ್ ನಡುವೆ ಕಣ್ಣಿನ ಪಾಪೆ ಕುಗ್ಗಿ ತೊಡಕಾಗುವುದುಂಟು. ಮೊದಲೇ ತಿಳಿದಿದ್ದರೆ ಡಾಕ್ಟರು ಸಿದ್ಧರಾಗಿರುತ್ತಾರೆ. ಯಾವ ಮಾತ್ರೆಯನ್ನೂ ತಾವಾಗಿಯೇ ನಿಲ್ಲಿಸಬೇಡಿ, ಎಲ್ಲವನ್ನೂ ಚೀಲದಲ್ಲಿ ಹಾಕಿ ತನ್ನಿ. ಅಂಗಾತ ಮಲಗಿದರೆ ಕೆಮ್ಮು ಬರುತ್ತದೆಯೇ ಎಂಬುದನ್ನೂ ಹೇಳಿ.

ಪಾಪೆ ಅಗಲವಾಗುವ ಹನಿಯನ್ನು ಪರೀಕ್ಷೆಗೆ ಹಾಕಿದ ದಿನ ಅರ್ಧ ಗಂಟೆ ಕಾಯಬೇಕು, ಆಮೇಲೆ ನಾಲ್ಕಾರು ಗಂಟೆ ಹತ್ತಿರದ್ದು ಮಬ್ಬು. ಬೈಕ್ ಓಡಿಸಿಕೊಂಡು ಹೋಗುವಂತಿಲ್ಲ.

ಆಪರೇಷನ್ ಆದ ಮೇಲೆ ನಮ್ಮ ಕೊನೆಯ ಪ್ರಶ್ನೆ ಜೊತೆಗಾರರಿಗೆ: "ಮನೆಯಲ್ಲಿ ಹನಿ ಹಾಕುವವರು ಯಾರು?" ಸೊಸೆ ಎಂದರೆ ಸೊಸೆಯೇ ಬಂದು ಕಲಿಯಬೇಕು. ಸೋಪಿನಿಂದ ಕೈತೊಳೆದು, ಕೆಳರೆಪ್ಪೆ ಎಳೆದು, ಬಾಟಲಿಯ ತುದಿ ಎಲ್ಲಿಯೂ ತಾಗದಂತೆ ಒಂದೇ ಹನಿ. ಎರಡು ಹನಿ ಹಾಕಿದರೆ ಹೆಚ್ಚಿನದು ಕೆನ್ನೆಗೆ ಹೋಗುತ್ತದೆ. ಎರಡು ಬಗೆಯ ಔಷಧಿ ಇದ್ದರೆ ನಡುವೆ 5 ನಿಮಿಷ ಬಿಡಬೇಕು. ಬಾಟಲಿ ತೆರೆದ ದಿನಾಂಕವನ್ನು ಅದರ ಮೇಲೆಯೇ ಬರೆಯಿರಿ, ನಾಲ್ಕು ವಾರದ ಮೇಲೆ ಬಳಸಬೇಡಿ. ವಿಭೂತಿ ಧರಿಸುವವರು ಒಣಪುಡಿ ಕಣ್ಣಿಗೆ ಉದುರದಂತೆ ನೋಡಿಕೊಳ್ಳಬೇಕು. ಅಡುಗೆಮನೆಯ ಹೊಗೆ, ತಲೆಯ ಮೇಲಿನ ಸ್ನಾನ ಡಾಕ್ಟರು ಹೇಳುವ ತನಕ ಬೇಡ. ನೋವು ಹೆಚ್ಚಿದರೆ, ಕೆಂಪೇರಿದರೆ, ನಿನ್ನೆ ಕಂಡದ್ದು ಇಂದು ಕಾಣದಿದ್ದರೆ ಚೀಟಿಯಲ್ಲಿ ಬರೆದ ತಾರೀಖಿಗೆ ಕಾಯದೆ, ರಾತ್ರಿಯಾದರೂ ಸರಿ, ಕ್ಯಾಷುವಾಲ್ಟಿಗೆ ಬಂದು "ಕಣ್ಣಿನ ಆಪರೇಷನ್ ಆಗಿದೆ" ಎಂದು ಮೊದಲು ಹೇಳಿ.