ಮಾತು ಕೇಳದ ಮಗು



“ನಮ್ಮ ಹುಡುಗ ಹೇಳಿದ ಮಾತು ಕೇಳುವುದಿಲ್ಲ” ಎಂಬ ದೂರು ಯಾವ ಊರಿನ ಜಗಲಿಯ ಮೇಲೆ ಕುಳಿತರೂ ಕಿವಿಗೆ ಬೀಳುತ್ತದೆ. ನಮ್ಮ ಭಾಷೆಯಲ್ಲಿ ‘ಕೇಳು’ ಎಂಬ ಒಂದೇ ಮಾತಿಗೆ ಕಿವಿಗೆ ಬೀಳುವುದೂ ಅರ್ಥ, ಹೇಳಿದಂತೆ ನಡೆಯುವುದೂ ಅರ್ಥ. ಅದಕ್ಕೇ ಏನೋ, ಮಗು ಹೇಳಿದಂತೆ ಮಾಡದಿದ್ದರೆ ಹಟಮಾರಿ ಎಂದು ತೀರ್ಮಾನಿಸಿ ಒಂದು ಏಟು ಕೊಟ್ಟುಬಿಡುತ್ತೇವೆ. ಆದರೆ ಇವೆರಡರ ನಡುವೆ ಮೂರನೆಯದೊಂದಿದೆ. ಮಾತು ಕಿವಿಗೆ ಬಿದ್ದಿರುತ್ತದೆ, ಮಾಡುವ ಮನಸ್ಸೂ ಇರುತ್ತದೆ. ಹೇಳಿದ್ದು ಏನೆಂದು ಮಾತ್ರ ಮಗುವಿಗೆ ತಿಳಿದಿರುವುದಿಲ್ಲ. ಈ ತೊಂದರೆಯನ್ನು ಮನೆಯಲ್ಲೇ ಗುರುತಿಸುವುದು ಹೇಗೆ ಎಂಬುದೇ ಈ ಪಾಠದ ವಿಷಯ.

ಬಿತ್ತಿದ ರಾಗಿ ಮೊದಲು ಬೇರು ಬಿಟ್ಟು ಆಮೇಲೆ ಮೊಳಕೆಯನ್ನು ಮೇಲಕ್ಕೆ ಕಳಿಸುತ್ತದೆ. ಮಗುವಿನ ಮಾತೂ ಹಾಗೆಯೇ. ಆಡುವುದಕ್ಕೆ ಮೊದಲೇ ತಿಳಿಯುವುದು ಬೆಳೆಯುತ್ತದೆ. ಒಂದು ವರ್ಷದ ಮಗು ಹೆಸರು ಹಿಡಿದು ಕೂಗಿದರೆ ತಿರುಗಬೇಕು, ‘ಬೇಡ’ ಎಂದರೆ ಕ್ಷಣ ತಡೆಯಬೇಕು. ಒಂದೂವರೆ ವರ್ಷಕ್ಕೆ ‘ಚೆಂಡು ಕೊಡು’ ಎಂಬಂಥ ಒಂದು ಕೆಲಸವನ್ನು ಕೈಸನ್ನೆ ಇಲ್ಲದೆಯೇ ಮಾಡಬೇಕು. ಎರಡೂವರೆ ವರ್ಷಕ್ಕೆ ‘ಲೋಟ ಕೆಳಗಿಟ್ಟು ಬಾಗಿಲು ಹಾಕು’ ಎಂದು ಎರಡು ಕೆಲಸ ಒಟ್ಟಿಗೆ ಹೇಳಿದರೆ ಎರಡನ್ನೂ ಮಾಡಬೇಕು. ತಿಂಗಳೊಪ್ಪತ್ತು ಹೆಚ್ಚು ಕಡಿಮೆಯಾದರೆ ಹೆದರಬೇಡಿರಿ.

ಕೈಸನ್ನೆ ಇಲ್ಲದೆ ಎಂಬುದನ್ನು ಗಮನಿಸಿರಿ. ನಾವು ಮೋಸಹೋಗುವುದು ಇಲ್ಲಿಯೇ. ತಾಯಿ ಚೆಂಬಿನ ಕಡೆ ಕಣ್ಣು ಹಾಯಿಸಿ ‘ಚೆಂಬು ತಾ’ ಎನ್ನುತ್ತಾಳೆ. ಮಗು ಅವಳ ಕಣ್ಣು ನೋಡಿ ತರುತ್ತದೆ. ದಿನವೂ ಅದೇ ಹೊತ್ತಿಗೆ ಅದೇ ಕೆಲಸವಾದರೆ ಮಾತೇ ಬೇಕಾಗುವುದಿಲ್ಲ. ಆದುದರಿಂದ ಮನೆಯಲ್ಲಿ ಹೀಗೆ ಪರೀಕ್ಷಿಸಿರಿ: ಚೆಂಬು, ಬಾಚಣಿಗೆ, ಚಪ್ಪಲಿ ಮೂರನ್ನೂ ಎದುರಿಗಿಟ್ಟು, ಕೈ ಕಟ್ಟಿಕೊಂಡು, ಮಗುವಿನ ಮುಖವನ್ನಷ್ಟೇ ನೋಡುತ್ತಾ ಒಂದನ್ನು ಕೇಳಿರಿ. ಮಗು ನಾಲ್ಕು ವರ್ಷ ದಾಟಿದ್ದರೆ ಆಟದ ಗೊಂಬೆ ಕೊಟ್ಟು ‘ಹಸುವನ್ನು ನಾಯಿ ಓಡಿಸಿತು’ ಎಂಬುದನ್ನೂ ‘ಹಸು ನಾಯಿಯನ್ನು ಓಡಿಸಿತು’ ಎಂಬುದನ್ನೂ ಮಾಡಿ ತೋರಿಸಲು ಹೇಳಿರಿ. ಎರಡು ಮಾತಿನಲ್ಲೂ ಹಸುವೇ ಮೊದಲು ಬರುತ್ತದೆ. ‘ಅನ್ನು’ ಎಂಬುದು ಎಲ್ಲಿ ಸೇರಿತು ಎಂಬುದರಿಂದಲೇ ಓಡಿದ್ದು ಯಾರು ಎಂದು ತಿಳಿಯಬೇಕು. ಒಂದು ಸಲ ತಪ್ಪಿದರೆ ಏನೂ ಅಲ್ಲ. ಬೇರೆ ಬೇರೆ ದಿನ ಆಡಿಸಿ ನೋಡಿರಿ.

ಆರೋಗ್ಯವಾಗಿರುವ ಮಕ್ಕಳೂ ದೊಡ್ಡವರಂತೆ ತಿಳಿಯುವುದಿಲ್ಲ ಎಂಬುದು ಕನ್ನಡ ಮಕ್ಕಳ ಮೇಲೆಯೇ ನಡೆದ ಸಂಶೋಧನೆಯಿಂದ ಗೊತ್ತಾಗಿದೆ. ಅಮೆರಿಕದ ವಿದ್ವಾಂಸ ಜೆಫ್ರಿ ಲಿಡ್ಜ್ ಅವರು ಗ್ಲೈಟ್‌ಮನ್ ದಂಪತಿಗಳೊಡನೆ 2003ರಲ್ಲಿ ಪ್ರಕಟಿಸಿದ ಅಧ್ಯಯನ ನಮ್ಮ ‘ಇಸು’ ಪ್ರತ್ಯಯದ ಮೇಲಿನದು. ಕೂರು, ಕೂರಿಸು, ಏರು, ಏರಿಸು. ದೊಡ್ಡವರಿಗೆ ‘ಇಸು’ ಕೇಳಿದೊಡನೆ ಒಬ್ಬರು ಇನ್ನೊಬ್ಬರಿಂದ ಮಾಡಿಸುತ್ತಾರೆಂದು ತಿಳಿಯುತ್ತದೆ. ಮೂರು ವರ್ಷದ ಮಕ್ಕಳು ಹಾಗಲ್ಲ; ಮಾತಿನಲ್ಲಿ ಎಷ್ಟು ಪ್ರಾಣಿಗಳ ಹೆಸರು ಬಂತು ಎಂಬುದನ್ನೇ ಹಿಡಿದು ಆಡಿ ತೋರಿಸಿದರು. ಒಂದೇ ಹೆಸರಿದ್ದರೆ ಅದು ತಾನೇ ಮಾಡಿತು, ಎರಡು ಹೆಸರಿದ್ದರೆ ಒಂದು ಇನ್ನೊಂದಕ್ಕೆ ಮಾಡಿಸಿತು. ಹೀಗಿರುವಾಗ ಮೂರು ವರ್ಷದವನಿಗೆ ಬರಿದೆ ‘ಕೂರಿಸು’ ಎಂದರೆ ಅವನು ತಾನೇ ಕೂತುಬಿಟ್ಟರೆ ಆಶ್ಚರ್ಯವೇನು? ‘ನೀನು ಪಾಪುವನ್ನು ಕೂರಿಸು’ ಎಂದು ಪೂರ್ತಿ ಹೇಳಿರಿ.

ಇದೇ ಲಿಡ್ಜ್ ಅವರು ಜೂಲಿಯನ್ ಮುಸೊಲಿನೊ ಅವರೊಡನೆ 2002ರಲ್ಲಿ ಇನ್ನೊಂದನ್ನು ತೋರಿಸಿದ್ದರು. ಅದನ್ನು ನಮ್ಮ ಕೊಟ್ಟಿಗೆಗೆ ತಂದು ನೋಡೋಣ. ನಾಲ್ಕು ಹಸುಗಳಲ್ಲಿ ಎರಡನ್ನು ಕರೆದು ಎರಡನ್ನು ಬಿಟ್ಟಿದ್ದೀರಿ. ‘ಅಪ್ಪ ಎರಡು ಹಸು ಕರೆಯಲಿಲ್ಲ’ ಎಂದರೆ ದೊಡ್ಡವರು ಒಪ್ಪುತ್ತಾರೆ. ನಾಲ್ಕು ವರ್ಷದ ಮಗು ‘ಸುಳ್ಳು, ಕರೆದರಲ್ಲ ಎರಡು!’ ಎನ್ನುತ್ತದೆ. ಕನ್ನಡದ ಮಕ್ಕಳೂ ಹಾಗೆ, ಇಂಗ್ಲಿಷಿನ ಮಕ್ಕಳೂ ಹಾಗೆ. ಇದು ಮೊಂಡುತನವೂ ಅಲ್ಲ, ರೋಗವೂ ಅಲ್ಲ.

ಹಾಗಾದರೆ ನಿಜವಾದ ತೊಂದರೆ ಯಾವುದು? ಇದಕ್ಕೆ ಉತ್ತರ ಹೇಳುವ ಮೊದಲು ನಮ್ಮ ಸೀಮೆಯ ಸಂಗತಿಯೊಂದನ್ನು ಹೇಳಬೇಕು. 1880ರಿಂದೀಚೆಗೆ ಚಿನ್ನದ ಗಣಿಗಾಗಿ ತಮಿಳು, ತೆಲುಗು ಸೀಮೆಗಳಿಂದ ಜನ ಬಂದು ನೆಲಸಿದರು. ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು, ಭಾಷೆಗಳು ಉಳಿದವು. ಇಂದು ಚಾಂಪಿಯನ್ ರೀಫ್, ಮಾರಿಕುಪ್ಪಂ ಕಡೆ ಮನೆಮಾತು ತಮಿಳು. ಬೂದಿಕೋಟೆ, ಕಾಮಸಮುದ್ರದ ಕಡೆಯ ಎಷ್ಟೋ ಮನೆಗಳಲ್ಲಿ ತೆಲುಗು. ಬಂಗಾರಪೇಟೆಯ ಸಂತೆಯಲ್ಲಿ ಕನ್ನಡದ ಜೊತೆಗೆ ಉರ್ದುವೂ ಕೇಳಿಸುತ್ತದೆ. ಮನೆಯಲ್ಲಿ ತೆಲುಗನ್ನಷ್ಟೇ ಕೇಳಿದ ಮಗು ಅಂಗನವಾಡಿಗೆ ಹೋದ ಹೊಸತರಲ್ಲಿ ಕನ್ನಡದ ಮಾತಿಗೆ ಕಣ್ಣು ಬಿಟ್ಟು ಕೂತರೆ ಅದನ್ನು ದಡ್ಡ ಎಂದು ಬರೆದಿಡುವುದು ಅನ್ಯಾಯ. ಅದಕ್ಕೆ ತಿಳಿಯದಿರುವುದು ಕನ್ನಡ ಮಾತ್ರ, ದಿನಗಳೆದಂತೆ ಕಲಿಯುತ್ತದೆ.

ಇದರ ಎದುರಿನ ತಪ್ಪು ಇನ್ನೂ ಕೆಟ್ಟದ್ದು. ‘ಎರಡು ಮೂರು ಭಾಷೆ ಕಿವಿಗೆ ಬಿದ್ದು ಗೊಂದಲವಾಗಿದೆ, ದೊಡ್ಡವನಾದರೆ ಸರಿಹೋಗುತ್ತಾನೆ’ ಎಂದು ಸುಮ್ಮನಿರುವುದು. ಹಲವು ಭಾಷೆ ಕೇಳುವುದರಿಂದ ಯಾವ ಮಗುವಿಗೂ ಈ ನ್ಯೂನತೆ ಬರುವುದಿಲ್ಲ. ಪರೀಕ್ಷೆ ಸುಲಭ: ಅಜ್ಜಿಯ ಭಾಷೆಯಲ್ಲಿ ಕೇಳಿ ನೋಡಿರಿ. ಮನೆಮಾತಿನಲ್ಲಿ ಚೆನ್ನಾಗಿ ತಿಳಿಯುತ್ತಿದ್ದರೆ ಚಿಂತೆಯಿಲ್ಲ. ಮನೆಮಾತಿನಲ್ಲೂ ತಿಳಿಯದು, ಶಾಲೆಯ ಮಾತಿನಲ್ಲೂ ತಿಳಿಯದು ಎಂದಾದರೆ ಅದೇ ನಿಜವಾದ ತೊಂದರೆ. ಇದು ಅಪರೂಪವೂ ಅಲ್ಲ. ಇಂಗ್ಲೆಂಡಿನ ಸರ್ರೆ ಪ್ರಾಂತದ ಮಕ್ಕಳ ಅಧ್ಯಯನದಲ್ಲಿ, ಬೇರೆ ಯಾವ ಕಾರಣವೂ ಕಾಣದೆ ಭಾಷೆಯಲ್ಲಿ ಹಿಂದೆ ಬಿದ್ದವರು ನೂರಕ್ಕೆ ಸುಮಾರು 7 ಎಂದು 2016ರಲ್ಲಿ ತಿಳಿದುಬಂತು. ಮೂವತ್ತು ಮಕ್ಕಳ ತರಗತಿಗೆ ಇಬ್ಬರು ಎಂದಾಯಿತು. ಬುದ್ಧಿ ಚೆನ್ನಾಗಿಯೇ ಇರುವ ಈ ಮಕ್ಕಳನ್ನು ನಾವು ಹಿಂದಿನ ಸಾಲಿನಲ್ಲಿ ಕೂರಿಸಿ ಮರೆಯುತ್ತೇವೆ.

ತೊಂದರೆ ಇದೆಯೆಂದು ಕಂಡರೆ ಮೊದಲು ಕಿವಿ ತೋರಿಸಿರಿ. ನೆಗಡಿಯಾದಾಗ ಕಿವಿಯ ಒಳಗೆ ನೀರು ಕಟ್ಟಿ ಕೆಲವು ವಾರ ಮಂದವಾಗಿ ಕೇಳಿಸುವುದುಂಟು. ಅಂಥ ಮಗು ಕೆಲವು ಮಾತು ಕೇಳಿ ಕೆಲವನ್ನು ಬಿಡುವುದರಿಂದ ಬೇಕೆಂದೇ ಮಾಡುತ್ತಾನೆ ಎನಿಸುತ್ತದೆ. ಸೋರುವ ಕಿವಿಗೆ ಬಿಸಿ ಎಣ್ಣೆ, ಸೊಪ್ಪಿನ ರಸ ಹಾಕಲೇಬೇಡಿರಿ. ಸೋದರಮಾವನಿಗೆ ಕೊಟ್ಟ ಸಂಬಂಧದಲ್ಲಿ, ಹತ್ತಿರದ ರಕ್ತಸಂಬಂಧದಲ್ಲಿ ಹುಟ್ಟಿದ ಮಕ್ಕಳಲ್ಲಿ ಹುಟ್ಟುಕಿವುಡಿನ ಸಂಭವ ಹೆಚ್ಚು. ಅಂಥ ಮನೆಯವರು ಮಗು ಹುಟ್ಟಿದ ಕೂಡಲೆ ಕೇಳಿಸುವ ಪರೀಕ್ಷೆ ಮಾಡಿಸಬೇಕು.

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ವೈದ್ಯರ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ, ಒಂದು ಸಲ ಶಾಲೆಗೆ ಬಂದು ಮಕ್ಕಳನ್ನು ನೋಡಬೇಕೆಂಬ ನಿಯಮವಿದೆ. ಕಿವಿಯ ದೋಷ, ಮಾತು ತಡವಾಗುವುದು ಎರಡೂ ಅದರ ಪಟ್ಟಿಯಲ್ಲಿವೆ. ತಂಡ ಬರುವ ದಿನವನ್ನು ಅಂಗನವಾಡಿ ಕಾರ್ಯಕರ್ತೆಯಿಂದ ತಿಳಿದುಕೊಂಡು ಅಂದು ಮನೆಯವರೊಬ್ಬರು ಹಾಜರಿರಿ. ಹೆಚ್ಚಿನ ಪರೀಕ್ಷೆಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಅಲ್ಲಿ ಚಿತ್ರ ತೋರಿಸಿ, ಆಟವಾಡಿಸಿ, ಮಗುವಿಗೆ ಎಷ್ಟು ತಿಳಿಯುತ್ತದೆ ಎಂದು ಅಳೆಯುತ್ತಾರೆ. ನೋವಿಲ್ಲ, ಸೂಜಿಯಿಲ್ಲ.

ಬೆಳಗಿನ ರೈಲಿಗೆ ಬೆಂಗಳೂರಿಗೆ ಕೆಲಸಕ್ಕೆ ಹೋಗಿ ಕತ್ತಲಾದ ಮೇಲೆ ಮರಳುವ ತಂದೆತಾಯಿಗಳು ಇಲ್ಲಿ ಬಹಳ. ಮಗುವಿನ ಕೈಗೆ ಮೊಬೈಲ್ ಫೋನು ಕೊಟ್ಟರೆ ಅದು ಮಾತನಾಡುತ್ತಲೇ ಇರುತ್ತದೆ, ನಿಜ. ಆದರೆ ಮಗು ತಿಳಿಯಿತೋ ಇಲ್ಲವೋ ಎಂದು ಅದು ನಿಂತು ನೋಡುವುದಿಲ್ಲ. ಅಜ್ಜಿ ನೋಡುತ್ತಾಳೆ. ಟೊಮೇಟೊ ಬಿಡಿಸುವಾಗ, ಹುಳುವಿಗೆ ಸೊಪ್ಪು ಹಾಕುವಾಗ ಪಕ್ಕದಲ್ಲಿ ಕೂರಿಸಿಕೊಂಡು, ಕೈಯಲ್ಲಿರುವುದರ ಹೆಸರು ಹೇಳುತ್ತಾ, ಚಿಕ್ಕ ಚಿಕ್ಕ ಮಾತಿನಲ್ಲಿ, ನಿಮಗೆ ಚೆನ್ನಾಗಿ ಬರುವ ಭಾಷೆಯಲ್ಲೇ ಮಾತನಾಡಿರಿ. ಹೇಳಿದ ಮೇಲೆ ತುಸು ಕಾಯಿರಿ. ಉತ್ತರಕ್ಕೆ ಮಗುವಿಗೆ ಹೊತ್ತು ಬೇಕು.

ವೈದ್ಯರಲ್ಲಿಗೆ ಹೋಗುವ ಮೊದಲು ಒಂದು ವಾರ ಗಮನಿಸಿ, ಯಾವ ಮಾತು ತಿಳಿಯಿತು, ಯಾವುದು ತಿಳಿಯಲಿಲ್ಲ, ಯಾವ ಭಾಷೆಯಲ್ಲಿ ಹೇಳಿದಿರಿ ಎಂಬುದನ್ನು ಒಂದು ಕಾಗದದಲ್ಲಿ ಬರೆದುಕೊಂಡು ಹೋಗಿರಿ. ಬರೆಯಲು ಬಾರದವರು ಶಾಲೆಗೆ ಹೋಗುವ ಹಿರಿಯ ಮಕ್ಕಳಿಂದ ಬರೆಸಿಕೊಳ್ಳಬಹುದು.