ಲೈಂಗಿಕ ಶಿಕ್ಷಣ ಮತ್ತು ಶಿಕ್ಷಕರ ಭಾಷೆ: ತರಬೇತಿ ಹಾಗೂ ಬೆಂಬಲದ ಪ್ರಶ್ನೆಗಳು

ಶಾಲೆಗಳಲ್ಲಿ ಲೈಂಗಿಕ ಶಿಕ್ಷಣ ಬೇಕೇ ಬೇಡವೇ ಎಂಬ ಚರ್ಚೆ ಕರ್ನಾಟಕದಲ್ಲಿ 2007ರಲ್ಲಿ ತಾರಕಕ್ಕೇರಿತು. ಕೇಂದ್ರ ಮಾನವ ಸಂಪನ್ಮೂಲ ಅಭಿವೃದ್ಧಿ ಸಚಿವಾಲಯ ಹಾಗೂ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಗಳು 2005ರಲ್ಲಿ ಆರಂಭಿಸಿದ ಹದಿಹರೆಯದ ಶಿಕ್ಷಣ ಕಾರ್ಯಕ್ರಮವನ್ನು ಮಹಾರಾಷ್ಟ್ರ, ಮಧ್ಯಪ್ರದೇಶ ಮೊದಲಾದ ರಾಜ್ಯಗಳಂತೆ ನಮ್ಮ ರಾಜ್ಯವೂ ನಿರಾಕರಿಸಿತು. ಬೋಧನ ಸಾಮಗ್ರಿಯಲ್ಲಿದ್ದ ಚಿತ್ರಗಳು ಮುಖ್ಯವಾಗಿ ಆಕ್ಷೇಪಕ್ಕೆ ಗುರಿಯಾದವು. 2009ರಲ್ಲಿ ರಾಜ್ಯಸಭೆಯ ಅರ್ಜಿಗಳ ಸಮಿತಿಯೂ ಶಾಲೆಗಳಲ್ಲಿ ಲೈಂಗಿಕ ಶಿಕ್ಷಣ ಸಲ್ಲದೆಂದಿತು. ಈ ವಾಗ್ವಾದದಲ್ಲಿ ತರಗತಿಯ ಮುಂದೆ ನಿಂತು ಮಾತನಾಡಬೇಕಾದ ಶಿಕ್ಷಕರು ಮರೆಗೆ ಸರಿದರು. ಅವರು ಯಾವ ಕನ್ನಡದಲ್ಲಿ ಮಾತನಾಡಬೇಕು, ಮಾತನಾಡಿದ ಮೇಲೆ ಅವರ ಬೆನ್ನಿಗೆ ಯಾರಿದ್ದಾರೆ ಎಂಬುದು ಪ್ರಸ್ತುತ ಲೇಖನದ ವಿಷಯ.

ಗಂಗಾವತಿ ಸೀಮೆಯ ಸಾಣಾಪುರದಂತಹ ಊರನ್ನು ನಿದರ್ಶನವಾಗಿ ಗಮನಿಸಬಹುದು. ಇದು ಆನೆಗೊಂದಿಯ ಆಸುಪಾಸಿನ, ಭತ್ತದ ಗದ್ದೆಗಳ ನೀರಾವರಿ ಪ್ರದೇಶ. ಸೀಮೆಯ ಕ್ಯಾಂಪುಗಳಲ್ಲಿ ತೆಲುಗು, ತಾಂಡಾಗಳಲ್ಲಿ ಲಂಬಾಣಿ ಮನೆಮಾತು. ಪಠ್ಯ ಹೇಳುವುದು ‘ಋತುಸ್ರಾವ’, ‘ಪ್ರೌಢಾವಸ್ಥೆ’, ‘ವೃಷಣ’ ಎಂದು. ಮನೆಯಲ್ಲಿ ಕೇಳಿಬರುವುದು ‘ದೊಡ್ಡಾಕಿ ಆದಳು’, ‘ಹೊರಗಾದಳು’, ‘ಮುಟ್ಟು’ ಎಂದು. ಮೊದಲಿನವು ಪರೀಕ್ಷೆಗೆ ಸಲ್ಲುತ್ತವೆ, ಆದರೆ ಮಗುವಿನ ಅನುಭವವನ್ನು ಮುಟ್ಟುವುದಿಲ್ಲ. ಎರಡನೆಯವು ಅನುಭವಕ್ಕೆ ಹತ್ತಿರ. ಆದರೆ ‘ಹೊರಗಾಗು’ ಎಂಬಲ್ಲಿ ಮೈಲಿಗೆಯ ಕಲ್ಪನೆ ಮಾತಿನೊಳಗೇ ಹುದುಗಿದೆ. ಗಂಡುಮಕ್ಕಳ ಅಂಗಗಳಿಗಂತೂ ಬೈಗುಳದ ಹೊರಗೆ ಬಳಕೆಯ ಪದಗಳೇ ವಿರಳ. ಹೂವಿನ ಪರಾಗಸ್ಪರ್ಶವನ್ನು ವಿಸ್ತಾರವಾಗಿ ಬೋಧಿಸಿ, ಮಾನವನ ಸಂತಾನೋತ್ಪತ್ತಿಯನ್ನು ‘ಮನೆಯಲ್ಲಿ ಓದಿಕೊಳ್ಳಿ’ ಎಂದು ದಾಟಿಸುವ ರೂಢಿಗೆ ನಾಚಿಕೆಯಷ್ಟೇ ಅಲ್ಲ, ಈ ಪದದಾರಿದ್ರ್ಯವೂ ಕಾರಣ.

ಈ ಕೊರತೆ ನೀಗಲಾರದ್ದೇನಲ್ಲ. ವೈದ್ಯೆಯೂ ಲೇಖಕಿಯೂ ಆಗಿದ್ದ ಅನುಪಮಾ ನಿರಂಜನ ಅವರು ಹಲವು ದಶಕಗಳ ಹಿಂದೆಯೇ ‘ಕೇಳು ಕಿಶೋರಿ’ಯಂತಹ ಕೃತಿಗಳ ಮೂಲಕ ದೇಹವನ್ನು ಕುರಿತು ಕನ್ನಡದಲ್ಲಿ ಮಾತನಾಡುವ ದಾರಿ ತೋರಿದ್ದರು. ಶಿಕ್ಷಕರ ತರಬೇತಿ ಈ ಪರಂಪರೆಯನ್ನು ಬಳಸಿಕೊಳ್ಳಬೇಕಿತ್ತು.

2020ರಲ್ಲಿ ಚಾಲನೆಗೊಂಡ ಆಯುಷ್ಮಾನ್ ಭಾರತ ಶಾಲಾ ಆರೋಗ್ಯ ಕಾರ್ಯಕ್ರಮವು ಪ್ರತಿ ಶಾಲೆಯಿಂದ ಇಬ್ಬರು ಶಿಕ್ಷಕರನ್ನು, ಸಾಧ್ಯವಾದಷ್ಟೂ ಒಬ್ಬ ಪುರುಷ, ಒಬ್ಬ ಮಹಿಳೆಯನ್ನು, ಆರೋಗ್ಯ ರಾಯಭಾರಿಗಳನ್ನಾಗಿ ಸಿದ್ಧಪಡಿಸಲು ಯೋಜಿಸಿತು. ಅದರ 11 ವಿಷಯಗಳಲ್ಲಿ ಬೆಳವಣಿಗೆ, ಲಿಂಗ ಸಮಾನತೆ, ಎಚ್‌ಐವಿ ತಡೆ, ಹಿಂಸೆಯಿಂದ ರಕ್ಷಣೆ ಸೇರಿವೆ. ಯೋಜನೆ ಸ್ವಾಗತಾರ್ಹವೇ. ಆದರೆ ರಾಜ್ಯದಿಂದ ಜಿಲ್ಲೆಗೆ, ಜಿಲ್ಲೆಯಿಂದ ತಾಲ್ಲೂಕಿಗೆ ಹರಿದುಬರುವ ತರಬೇತಿ ಕಾಲುವೆಯ ಕೊನೆಯ ಭಾಗದ ನೀರಿನಂತೆ ಮೆಟ್ಟಿಲು ಮೆಟ್ಟಿಲಿಗೂ ತೆಳುವಾಗುತ್ತದೆ. ಕೊನೆಗೆ ಶಿಕ್ಷಕರ ಕೈಗೆ ಉಳಿಯುವುದು ಕೈಪಿಡಿ ಮಾತ್ರ. ಮುನಿರಾಬಾದಿನ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಯಂತಹ ಕಡೆ ಶಿಕ್ಷಕರು ಈ ಪದಗಳನ್ನು ಪರಸ್ಪರರ ಎದುರು ಗಟ್ಟಿಯಾಗಿ ಉಚ್ಚರಿಸಿ, ಮಕ್ಕಳು ಕೇಳಬಹುದಾದ ಪ್ರಶ್ನೆಗಳಿಗೆ ಉತ್ತರಿಸಿ ರೂಢಿ ಮಾಡಿಕೊಳ್ಳುವ ಅವಕಾಶವಿರಬೇಕು. ಓದಿ ಬಂದ ಪದಕ್ಕೂ ಬಾಯಿಗೆ ಬಂದ ಪದಕ್ಕೂ ಅಂತರ ಬಹಳ.

ಪಾಠ ಮುಗಿದ ಮೇಲಿನ ಸ್ಥಿತಿ ಇನ್ನೂ ಗಂಭೀರವಾದುದು. ಪದ ದೊರೆತ ಮಗು ಮಾತನಾಡತೊಡಗುತ್ತದೆ: ಸಂಬಂಧಿಕನೊಬ್ಬನ ದುರ್ವರ್ತನೆಯನ್ನೋ, ಗೊತ್ತಾಗಿರುವ ತನ್ನ ಮದುವೆಯನ್ನೋ ಹೇಳಬಹುದು. 2012ರ ಪೋಕ್ಸೊ ಕಾಯ್ದೆಯ 19ನೆಯ ಕಲಮಿನಂತೆ ಅಪರಾಧವನ್ನು ತಿಳಿದವರು ವರದಿ ಮಾಡಲೇಬೇಕು. ತಪ್ಪಿದಲ್ಲಿ 21ನೆಯ ಕಲಮಿನಂತೆ ಶಿಕ್ಷೆಯುಂಟು. ಒಂಬತ್ತನೆಯ ತರಗತಿಯಿಂದ ಮೇಲಿನ ಮಕ್ಕಳಿಗೆ ಈ ಕಾಯ್ದೆಯ ತಿಳಿವಳಿಕೆ ನೀಡುವಂತೆ ಕರ್ನಾಟಕ ಉಚ್ಚ ನ್ಯಾಯಾಲಯದ ಧಾರವಾಡ ಪೀಠ 2022ರಲ್ಲಿ ನಿರ್ದೇಶಿಸಿತು. ಆದರೆ ಆರೋಪಿತನ ಮನೆಯೂ ಶಿಕ್ಷಕಿಯ ಬಾಡಿಗೆ ಮನೆಯೂ ಒಂದೇ ಓಣಿಯಲ್ಲಿರುವ ಊರಿನಲ್ಲಿ ಆಕೆ ಒಬ್ಬಳೇ ದೂರು ಬರೆಯಬೇಕೆನ್ನುವುದು ನ್ಯಾಯವಲ್ಲ. ಮಕ್ಕಳ ಸಹಾಯವಾಣಿ 1098 ಗೋಡೆಯ ಮೇಲೆ ಬರೆದಿದ್ದರಷ್ಟೇ ಸಾಲದು. ಮಾಹಿತಿ ನೀಡುವ ಹೊಣೆಯಲ್ಲಿ ಮುಖ್ಯೋಪಾಧ್ಯಾಯರು ಜೊತೆಗಿರಬೇಕು. ಪಾಠಕ್ಕೆ ಮೊದಲೇ ಶಾಲಾಭಿವೃದ್ಧಿ ಸಮಿತಿಯ ತಾಯಂದಿರೊಂದಿಗೆ ಸಭೆ ನಡೆದಿರಬೇಕು. ಆಕೆಯ ಹೆಸರು ಊರಲ್ಲಿ ಬಯಲಾಗದಂತೆ ಇಲಾಖೆ ನೋಡಿಕೊಳ್ಳಬೇಕು. ಇವಿಷ್ಟನ್ನು ಲಿಖಿತ ಆದೇಶವಾಗಿ ಶಾಲೆಗೆ ತಲುಪಿಸಿದ ನಂತರವೇ ಮೊದಲ ಪಾಠದ ದಿನವನ್ನು ವೇಳಾಪಟ್ಟಿಯಲ್ಲಿ ಗುರುತಿಸುವುದು ಉಚಿತ.