ನೆರೆಮನೆಯ ಬೆಕ್ಕು, ನಮ್ಮ ಹಿತ್ತಲು



ಹಿತ್ತಲಲ್ಲಿ ಪಾತಿ ಮಾಡಿ, ಗೊಬ್ಬರ ಬೆರೆಸಿ, ಕೊತ್ತಂಬರಿ, ಮೆಂತ್ಯ, ದಂಟಿನ ಬೀಜ ಚೆಲ್ಲಿರುತ್ತೇವೆ. ಹಸಿರು ಕಾಣುವ ಹೊತ್ತಿಗೆ ಒಂದು ಬೆಳಿಗ್ಗೆ ನೋಡಿದರೆ ಪಾತಿಯೆಲ್ಲ ಕೆದರಿದೆ, ಮೊಳಕೆ ಬುಡಮೇಲಾಗಿದೆ, ನಡುವೆ ಬೆಕ್ಕಿನ ಮಲ. ಬೆಕ್ಕು ನಮ್ಮದಲ್ಲ, ಪಕ್ಕದ ಮನೆಯದು. ಆಗ ಬರುವ ಕೋಪ ಬೆಕ್ಕಿನ ಮೇಲೆಯೋ ಅದನ್ನು ಸಾಕಿದವರ ಮೇಲೆಯೋ ಎಂಬುದು ನಮಗೇ ತಿಳಿಯುವುದಿಲ್ಲ. ಪಾಲಾರ್ ಆಗಲಿ, ಮಾರ್ಟಳ್ಳಿ, ಹನೂರು, ಕೊಳ್ಳೇಗಾಲ, ಯಳಂದೂರು ಆಗಲಿ, ನೆರೆಹೊರೆಯ ಮನಸ್ತಾಪ ಹುಟ್ಟಲು ದೊಡ್ಡ ಕಾರಣ ಬೇಕಿಲ್ಲ. ಒಂದು ಬೆಕ್ಕು ಸಾಕು. ಆದ್ದರಿಂದ ಈ ಚಿಕ್ಕ ವಿಷಯವನ್ನೇ ಈ ವಾರ ಕುಟುಂಬದ ಪಾಠವಾಗಿ ತೆಗೆದುಕೊಳ್ಳೋಣ.

ಬೆಕ್ಕು ಏಕೆ ಬರುತ್ತದೆ?

ಬೆಕ್ಕಿಗೆ ಮಲವನ್ನು ಮಣ್ಣಲ್ಲಿ ಮುಚ್ಚುವ ಸ್ವಭಾವವಿದೆ. ಅದಕ್ಕೆ ಬೇಕಾದುದು ಒಣಗಿದ, ಸಡಿಲವಾದ, ಮೆತ್ತನೆಯ ಮಣ್ಣು. ನಾವು ಬೀಜಕ್ಕಾಗಿ ಹದ ಮಾಡಿದ ಪಾತಿ ಅದರ ಕಣ್ಣಿಗೆ ತನಗಾಗಿಯೇ ಸಿದ್ಧವಾದ ಜಾಗ. ಜೊತೆಗೆ ಹಿತ್ತಲಲ್ಲಿ ಮೀನಿನ ತಲೆ, ಕೋಳಿಯ ಕರುಳು ಬಿದ್ದಿದ್ದರೆ ಕರೆದಂತೆಯೇ ಆಯಿತು. ಮನುಷ್ಯನ ಕೃತ್ಯದ ಹಿಂದೆ ಇಚ್ಛೆಯಿದೆ, ಪ್ರಾಣಿಯ ಚಟುವಟಿಕೆಯ ಹಿಂದೆ ಸ್ವಭಾವವಿದೆ. ಬೆಕ್ಕು ಮಣ್ಣು ಕೆದರುವುದರಲ್ಲಿ ಕೇಡಿಲ್ಲ, ಹೊಟ್ಟೆಕಿಚ್ಚಿಲ್ಲ. ಸ್ವಭಾವಕ್ಕೆ ತಡೆ ಹಾಕಬಹುದು, ಶಿಕ್ಷೆ ಕೊಟ್ಟು ಪ್ರಯೋಜನವಿಲ್ಲ.

ಬಾರದಂತೆ ಮಾಡುವುದು ಹೇಗೆ?

1. ಬೀಜ ಚೆಲ್ಲಿದ ಮೇಲೆ ಮಣ್ಣನ್ನು ಬರಿದಾಗಿ ಬಿಡಬೇಡಿ. ಕೋಳಿಗೂಡಿಗೆ ಬಳಸುವ ತಂತಿ ಬಲೆಯನ್ನು ಪಾತಿಯ ಮೇಲೆ ಹಾಸಿ, ಅಂಚಿಗೆ ಕಲ್ಲು ಇಡಿ. ಮೊಳಕೆ ಬಲೆಯ ಕಣ್ಣಿನಿಂದ ಮೇಲೆ ಬರುತ್ತದೆ, ಬೆಕ್ಕಿಗೆ ಕೆದರಲಾಗದು.

2. ಬಲೆ ಕೊಳ್ಳಲಾಗದವರು ನಾಲ್ಕು ಬೆರಳು ಅಂತರಕ್ಕೆ ಒಂದರಂತೆ ಒಣಕಡ್ಡಿ ನೆಡಲಿ. ನಮ್ಮ ಕಾಡಂಚಿನಲ್ಲಿ ಲಾಂಟಾನಕ್ಕೆ ಬರವಿಲ್ಲ. ಮಾದಪ್ಪನ ಬೆಟ್ಟದ ಸೋಲಿಗರು ಅದರಿಂದ ಕುರ್ಚಿ, ಬುಟ್ಟಿ ಹೆಣೆಯುತ್ತಾರೆ. ಎಲೆ ತೆಗೆದು ಒಣಗಿದ ಕಡ್ಡಿಯನ್ನೇ ಬಳಸಿ, ಏಕೆಂದರೆ ಅದರ ಎಲೆ ದನಕರುಗಳಿಗೆ ನಂಜು.

3. ಸಂಜೆ ಪಾತಿಗೆ ನೀರು ಚಿಮುಕಿಸಿ. ಒದ್ದೆ ಮಣ್ಣು ಬೆಕ್ಕಿಗೆ ಹಿಡಿಸುವುದಿಲ್ಲ.

4. ಬೇಲಿಯ ಹತ್ತಿರ, ಬೆಕ್ಕು ಬರುವ ದಾರಿಯಲ್ಲೇ, ಒಂದು ಮೂಲೆಗೆ ಎರಡು ಬಾಂಡಲಿ ಒಣಮರಳು ಸುರಿಯಿರಿ. ಮೆತ್ತನೆಯ ಜಾಗ ಬೇರೆ ಸಿಕ್ಕಿದರೆ ಬೆಕ್ಕು ಪಾತಿಯನ್ನು ಬಿಡುವ ಸಂಭವ ಹೆಚ್ಚು.

5. ಮಲ ಕಂಡ ದಿನವೇ ಸಲಿಕೆಯಲ್ಲಿ ತೆಗೆದು ಆಳವಾಗಿ ಹೂಳಿ. ಕೆಲವು ಬೆಕ್ಕುಗಳ ಮಲದಲ್ಲಿ ಟಾಕ್ಸೋಪ್ಲಾಸ್ಮಾ ಎಂಬ ರೋಗಾಣು ಇರುತ್ತದೆ. ಅದು ಸೋಂಕು ಹರಡುವ ಸ್ಥಿತಿಗೆ ಬರಲು 1ರಿಂದ 5 ದಿನ ಬೇಕು. ಗರ್ಭಿಣಿಯರಿಗೆ ಈ ಸೋಂಕು ತಗುಲಿದರೆ ಮಗುವಿಗೆ ಅಪಾಯ. ಅವರು ಈ ಕೆಲಸಕ್ಕೆ ಹೋಗದಿರುವುದೇ ಲೇಸು. ಸೊಪ್ಪನ್ನು ಎಲ್ಲರೂ ಚೆನ್ನಾಗಿ ತೊಳೆದೇ ತಿನ್ನಬೇಕು.

6. ಬೆಕ್ಕನ್ನು ಹಿಡಿಯಲು ಹೋಗಬೇಡಿ. ಕಚ್ಚಿದರೆ, ಪರಚಿದರೆ ಸೋಪು ಹಾಕಿ 15 ನಿಮಿಷ ಹರಿಯುವ ನೀರಿನಲ್ಲಿ ತೊಳೆದು, ತಡಮಾಡದೆ ಆಸ್ಪತ್ರೆಗೆ ಹೋಗಿ ರೇಬೀಸ್ ಚುಚ್ಚುಮದ್ದಿನ ಬಗ್ಗೆ ಕೇಳಿ.

ಮಾಡಬಾರದ್ದು

ಖಾರದ ಪುಡಿ ಎರಚುವವರಿದ್ದಾರೆ. ಅದು ಕಾಲಿಗೆ ಮೆತ್ತಿ, ಕಾಲು ನೆಕ್ಕುವಾಗ ಬಾಯಿಗೆ, ಮುಖ ಒರೆಸುವಾಗ ಕಣ್ಣಿಗೆ ಹೋಗುತ್ತದೆ. ನುಸಿಗುಳಿಗೆ, ಫಿನೈಲ್‌ ಬೆಕ್ಕಿಗೆ ವಿಷ. ನುಸಿಗುಳಿಗೆಯನ್ನು ಮಿಠಾಯಿ ಎಂದುಕೊಂಡು ಮಕ್ಕಳು ಬಾಯಿಗೆ ಹಾಕಿಕೊಳ್ಳುವ ಭಯವೂ ಉಂಟು.

ಇನ್ನು, ಅನ್ನಕ್ಕೋ ಮೀನಿಗೋ ಕೀಟನಾಶಕ ಬೆರೆಸಿ ಇಡುವ ಯೋಚನೆ. ವಿಷ ಏನು ಮಾಡುತ್ತದೆಂದು ನಮ್ಮ ಸೀಮೆಗೆ ಹೊರಗಿನವರು ಬಂದು ಹೇಳಬೇಕಾಗಿಲ್ಲ. 2018ರ ಡಿಸೆಂಬರ್ 14ರಂದು ಸುಳ್ವಾಡಿಯ ಮಾರಮ್ಮ ದೇವಸ್ಥಾನದಲ್ಲಿ ಕೀಟನಾಶಕ ಬೆರೆತ ಪ್ರಸಾದ ತಿಂದು 17 ಜನ ಪ್ರಾಣ ಬಿಟ್ಟರು. 2025ರ ಜೂನ್ ತಿಂಗಳಲ್ಲಿ ಹೂಗ್ಯಂ ಅರಣ್ಯ ವಲಯದಲ್ಲಿ ಹಸುವಿನ ಕಳೇಬರಕ್ಕೆ ಹಾಕಿದ್ದ ವಿಷದಿಂದ ಒಂದು ಹೆಣ್ಣುಹುಲಿ, ಅದರ 4 ಮರಿಗಳು ಸತ್ತವು. ಹಸು ಕಳೆದುಕೊಂಡ ಮನೆಯ ನೋವು ಸುಳ್ಳಲ್ಲ. ಆದರೆ ಹಸುವನ್ನು ಕೊಲ್ಲದ ಮರಿಗಳೂ ಸತ್ತವಲ್ಲ! ವಿಷದ ದಾರಿಯೇ ಹೀಗೆ. ಯಾರಿಗೆ ಇಟ್ಟೆವೋ ಅವರಲ್ಲಿಗೆ ಮಾತ್ರ ಅದು ಹೋಗುವುದಿಲ್ಲ. ಬೆಕ್ಕಿಗೆ ಇಟ್ಟದ್ದನ್ನು ಕೋಳಿ ಕುಕ್ಕಬಹುದು, ನಾಯಿ ನೆಕ್ಕಬಹುದು, ಅಂಬೆಗಾಲಿಡುವ ಮಗು ಮುಟ್ಟಿ ಬಾಯಿಗೆ ಬೆರಳಿಡಬಹುದು. ಕಾನೂನೂ ಇದನ್ನು ಹಗುರವಾಗಿ ಕಾಣುವುದಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 325ನೆಯ ಕಲಮಿನಂತೆ ಪ್ರಾಣಿಗೆ ವಿಷವಿಕ್ಕಿ ಕೊಂದವರಿಗೆ 5 ವರ್ಷದವರೆಗೆ ಸೆರೆವಾಸ, ಇಲ್ಲವೇ ದಂಡ, ಇಲ್ಲವೇ ಎರಡೂ ಆಗಬಹುದು.

ಶ್ರೀಗ್ರಂಥದ ಬೆಳಕಿನಲ್ಲಿ

ಬೈಬಲ್‌ನಲ್ಲಿ ಸಾಕು ಬೆಕ್ಕಿನ ಹೆಸರು ಬರುವುದು ಬಾರೂಕನ ಗ್ರಂಥದ 6ನೆಯ ಅಧ್ಯಾಯದಲ್ಲಿ, ವಿಗ್ರಹಗಳ ಮೇಲೆ ಕೂರುವ ಪ್ರಾಣಿಪಕ್ಷಿಗಳ ಸಾಲಿನಲ್ಲಿ. ಆದರೆ ನೆರೆಯವನ ಪ್ರಾಣಿಯ ವಿಚಾರ ಸಾಕಷ್ಟಿದೆ. ವಿಮೋಚನಾಕಾಂಡದ 21, 22, 23ನೆಯ ಅಧ್ಯಾಯಗಳನ್ನು ಮನೆಯಲ್ಲಿ ಕೂತು ಓದಿ. ಗುಂಡಿ ತೋಡಿ ಮುಚ್ಚದೆ ಬಿಟ್ಟವನು, ಅದರಲ್ಲಿ ಬಿದ್ದು ಸತ್ತ ಎತ್ತಿಗೆ ಬೆಲೆ ತೆರಬೇಕು. ತನ್ನ ದನವನ್ನು ಮತ್ತೊಬ್ಬನ ಹೊಲಕ್ಕೆ ಬಿಟ್ಟು ಮೇಯಿಸಿದವನು ನಷ್ಟ ತುಂಬಿಕೊಡಬೇಕು. ದಾರಿ ತಪ್ಪಿದ ಪ್ರಾಣಿ ವೈರಿಯದೇ ಆದರೂ ಹೊಡೆದುಕೊಂಡು ಹೋಗಿ ಅವನಿಗೆ ಒಪ್ಪಿಸಬೇಕು. ನೋಡಿ, ಮೊದಲನೆಯದು ಹಿತ್ತಲಿನವರಿಗೆ, ಎರಡನೆಯದು ಬೆಕ್ಕಿನವರಿಗೆ, ಮೂರನೆಯದು ಇಬ್ಬರಿಗೂ ಸಲ್ಲುವ ಪಾಠ. ದೇವರ ನ್ಯಾಯದಲ್ಲಿ ಒಂದೇ ಕಡೆಯವರಿಗೆ ಕರ್ತವ್ಯವಿಲ್ಲ.

ಪ್ರಾಣಿಗಳಿಗೆ ಕ್ರೂರಿಯಾದವನು ಮನುಷ್ಯರಿಗೂ ಕ್ರೂರಿಯಾಗುವ ಅಪಾಯವಿದೆ ಎಂಬುದು ಸಂತ ತೋಮಸ್ ಅಕ್ವಿನಾಸರ ವಿಚಾರ. 1992ರಲ್ಲಿ ಪ್ರಕಟವಾದ ಧರ್ಮಸಭೆಯ ಧರ್ಮೋಪದೇಶ ಗ್ರಂಥವೂ ಪ್ರಾಣಿಗಳನ್ನು ವ್ಯರ್ಥವಾಗಿ ನೋಯಿಸುವುದು, ಕೊಲ್ಲುವುದು ಮಾನವ ಘನತೆಗೆ ತಕ್ಕದ್ದಲ್ಲವೆಂದು ಬೋಧಿಸುತ್ತದೆ. ಬೆಕ್ಕಿಗೆ ಕಲ್ಲೆತ್ತುವ ತಂದೆಯನ್ನು ಮಗ ನೋಡುತ್ತಿರುತ್ತಾನೆ ಎಂಬುದನ್ನು ಮರೆಯಬಾರದು.

ನೆರೆಯವರೊಡನೆ ಮಾತು

ಕಡ್ಡಿ, ಬಲೆಗಳಿಗಿಂತ ಮುಂಚೆ ಆಗಬೇಕಾದ ಕೆಲಸ ಒಂದಿದೆ. ಬೇಲಿಯಾಚೆಗೆ ಕೇಳುವಂತೆ ಗೊಣಗುವುದಲ್ಲ, ನಾಲ್ಕು ಮನೆಗೆ ಹೇಳಿಕೊಂಡು ಬರುವುದಲ್ಲ, ನೇರವಾಗಿ ಹೋಗಿ ಮಾತಾಡುವುದು. "ಅಕ್ಕಾ, ನಿಮ್ಮ ಬೆಕ್ಕು ನಮ್ಮ ಸೊಪ್ಪಿನ ಪಾತಿ ಕೆದರ್ತಾ ಇದೆ, ಏನು ಮಾಡೋಣ ಹೇಳಿ" ಎಂದರೆ ಸಾಕು. "ಏನು ಮಾಡೋಣ" ಎನ್ನುವಲ್ಲಿ ಇಬ್ಬರೂ ಸೇರಿದ್ದಾರೆ. "ನಿಮ್ಮ ಬೆಕ್ಕನ್ನ ಕಟ್ಟಿ ಹಾಕಿ" ಎಂದರೆ ಮಾತು ಅಲ್ಲಿಗೇ ಮುರಿಯುತ್ತದೆ. ಅವರ ಬೆಕ್ಕು ನಮ್ಮ ರಾಗಿ ಮೂಟೆಯ ಇಲಿಯನ್ನೂ ಹಿಡಿದಿರಬಹುದು. ಆ ಉಪಕಾರವನ್ನೂ ನೆನೆದು ಮಾತಾಡಿದರೆ ತಪ್ಪೇನು?

ಬೆಕ್ಕು ಸಾಕಿದವರೇ, ನಿಮಗೂ ಒಂದು ಮಾತು. "ಬೆಕ್ಕಲ್ಲವೇ, ಎಲ್ಲೋ ಹೋಗುತ್ತೆ" ಎಂದು ಕೈತೊಳೆದುಕೊಳ್ಳಬೇಡಿ. ಹೊತ್ತಿಗೆ ಸರಿಯಾಗಿ ಅನ್ನ ಹಾಕಿ, ನಿಮ್ಮ ಹಿತ್ತಲಲ್ಲೇ ಮರಳಿನ ಜಾಗ ಮಾಡಿ. ಸಂತಾನಹರಣ ಶಸ್ತ್ರಚಿಕಿತ್ಸೆ, ರೇಬೀಸ್ ಲಸಿಕೆಗಳ ಬಗ್ಗೆ ಪಶುವೈದ್ಯರನ್ನು ಕೇಳಿ. ಶಸ್ತ್ರಚಿಕಿತ್ಸೆಯಾದ ಬೆಕ್ಕಿನ ಅಲೆದಾಟ ಸಾಮಾನ್ಯವಾಗಿ ಕಡಿಮೆಯಾಗುತ್ತದೆ. ಪಾತಿ ಹಾಳಾಗಿದ್ದರೆ ಒಂದು ಹಿಡಿ ಬೀಜ ತೆಗೆದುಕೊಂಡು ಹೋಗಿ ಕೊಡಿ. ಆ ಬೀಜ ಮಣ್ಣಿನಲ್ಲಿ ಮೊಳೆಯುವ ಮೊದಲೇ ಮನಸ್ಸಿನಲ್ಲಿ ಮೊಳೆಯುತ್ತದೆ.

ಆನೆ ಬಂದರೆ ತಮಟೆ ಬಾರಿಸಿ ರಾತ್ರಿಯಿಡೀ ಹೊಲ ಕಾಯುವ ಜನ ನಾವು. ಅಷ್ಟು ತಾಳ್ಮೆಯುಳ್ಳವರಿಗೆ ಒಂದು ಬೆಕ್ಕು ಭಾರವಾಗಬಾರದು. ಹಿತ್ತಲಿನ ಸೊಪ್ಪು ತಿಂಗಳಲ್ಲಿ ಮತ್ತೆ ಬೆಳೆದೀತು. ಕಷ್ಟಕಾಲದಲ್ಲಿ ಮೊದಲು ಓಡಿ ಬರುವ ಪಕ್ಕದ ಮನೆಯವರನ್ನು ಕಳೆದುಕೊಂಡರೆ ಮತ್ತೆ ಪಡೆಯುವುದು ಅಷ್ಟು ಸುಲಭವಲ್ಲ.

ಕುಟುಂಬದಲ್ಲಿ ಚಿಂತನೆಗೆ

1. ನೆರೆಯವರ ಬಗ್ಗೆ ನಮ್ಮ ಮನೆಯಲ್ಲಿ ಆಡುವ ದೂರನ್ನು ಅವರೆದುರು ಎಂದಾದರೂ ಸಮಾಧಾನದಿಂದ ಹೇಳಿದ್ದೇವೆಯೇ?

2. ನಮ್ಮ ಕೋಳಿ, ಆಡು, ನಾಯಿ, ಬೆಕ್ಕುಗಳಿಂದ ಇತರರಿಗೆ ಆಗುತ್ತಿರುವ ತೊಂದರೆ ಏನು?

3. ಮನೆಯಲ್ಲಿರುವ ಕೀಟನಾಶಕ, ಇಲಿಪಾಷಾಣ ಮಕ್ಕಳ ಕೈಗೆ ಸಿಗದಂತೆ ಬೀಗದೊಳಗಿವೆಯೇ? ಇಂದೇ ನೋಡಿ.